ಮಿಲ್ಟ್ರಿ ಎಣಿಸಿದ ಸುತ್ತುಗಳು

ಮಿಲ್ಟ್ರಿ ಸತ್ತದ್ದು ಬೈಯುತ್ತಾ ಬೈಯುತ್ತಾ. ಬೆಳಗ್ಗೆ ಹತ್ತೂವರೆಗೆ ತನ್ನ ಅಂಗಡಿಯ ಕಬ್ಬಿಣದ ಕುರ್ಚಿಯಲ್ಲಿ ಕೂತು, ಸುಟ್ಟ ಮಿಕ್ಸಿ ತಂದಿದ್ದ ಗಿರಾಕಿಯೊಬ್ಬನಿಗೆ, "ಇದರಲ್ಲಿ ಏನು ಜಲ್ಲಿಕಲ್ಲು ರುಬ್ಬಿದ್ಯೋ, ಇಲ್ಲ ನಿಮ್ಮಪ್ಪನ..." ಅಂದವನು ಅಲ್ಲಿಗೇ ನಿಂತುಬಿಟ್ಟ. ಉಳಿದರ್ಧ ಬೈಗುಳ ಬರಲಿ ಎಂದು ಗಿರಾಕಿ ಒಂದು ನಿಮಿಷ ತಲೆ ತಗ್ಗಿಸಿ ಕಾದನಂತೆ. ಬರಲಿಲ್ಲ. ಎಪ್ಪತ್ತಾರು ವರ್ಷದ ಆ ಬಾಯಿ ಮೊದಲ ಸಲ ಮಾತನ್ನು ಅರ್ಧಕ್ಕೆ ಬಿಟ್ಟಿತ್ತು.

ನಲವತ್ತೊಂದು ವರ್ಷ ಅವನು ನಡೆಸಿದ್ದು ಮೋಟರ್ ವೈಂಡಿಂಗ್ ಅಂಗಡಿ. ಪಂಪು, ಫ್ಯಾನು, ಗ್ರೈಂಡರು, ಹೊಟ್ಟೆಯಲ್ಲಿ ಮೋಟರಿರುವ ಯಾವುದೇ ಯಂತ್ರ ಸುಟ್ಟರೂ ಅದರೊಳಗಿನ ಕರಕಲು ತಾಮ್ರದ ತಂತಿ ಕಿತ್ತು ಹೊಸ ತಂತಿ ಸುತ್ತಿಕೊಡುವ ಕೆಲಸ. ಬಿಚ್ಚುವ ಮೊದಲು ಮೂಗಿಟ್ಟು ಮೂಸುತ್ತಿದ್ದ. "ಇದು ನೀರು ಕುಡಿದು ಸತ್ತಿದೆ", "ಇದು ಕರೆಂಟು ಸಾಲದೆ ಏದುಸಿರು ಬಿಟ್ಟು ಸತ್ತಿದೆ", "ಇದನ್ನು ನೀವೇ ಕೊಂದಿದ್ದೀರಿ" ಎಂದು ತೀರ್ಪು ಕೊಡುತ್ತಿದ್ದ. ಮೂಗು ಸುಳ್ಳು ಹೇಳಿದ್ದು ಕಡಿಮೆ. ಅಂಗಡಿಗೆ ಬಂದವರು ಮೊದಲು ಬೈಸಿಕೊಂಡು, ಆಮೇಲೆ ಮೋಟರು ಕೊಟ್ಟು, ಎರಡಕ್ಕೂ ಸೇರಿಸಿ ನಮಸ್ಕಾರ ಹೇಳಿ ಹೋಗುತ್ತಿದ್ದರು.

ಅವನು ಸತ್ತ ಹತ್ತನೇ ದಿನ, ಸೋಮವಾರ, ಅಂಗಡಿಯ ಶಟರ್ ಎತ್ತಿದವಳು ಅವನ ಹೆಂಡತಿ. ಬಜಾರಿನವರ ಬಾಯಲ್ಲಿ ಮಿಲ್ಟ್ರಿಯಮ್ಮ. ಅರವತ್ತಾರು ವರ್ಷ, ಕುಳ್ಳು, ಮೊಣಕಾಲು ಸ್ವಲ್ಪ ಮುನಿಸಿಕೊಂಡಿದೆ, ಕಣ್ಣು ಮಾತ್ರ ಸೂಜಿಗೆ ಕನ್ನಡಕವಿಲ್ಲದೆ ದಾರ ಪೋಣಿಸುತ್ತದೆ. ಶಟರಿನ ಸದ್ದಿಗೆ ಬಜಾರ್ ಸಮಿತಿಯ ಸೆಕ್ರೆಟರಿ ಫೈಲು ಕಂಕುಳಲ್ಲಿಟ್ಟುಕೊಂಡು ಓಡಿಬಂದ.

"ಖಾಲಿ ಮಾಡೋಕೆ ಬಂದ್ರಾ ಅಮ್ಮಾ? ಒಳ್ಳೇದಾಯ್ತು. ಸಾಮಾನು ಎತ್ತೋಕೆ ಆಳು ಕಳಿಸ್ಲಾ?"

"ಖಾಲಿ ಮಾಡೋಕಲ್ಲ. ಕೆಲಸ ಮಾಡೋಕೆ."

"ಯಾವ ಕೆಲಸ?"

"ಈ ಅಂಗಡೀಲಿ ಇನ್ಯಾವ ಕೆಲಸ ನಡೆಯುತ್ತೆ, ಹಜಾಮತಿನಾ? ವೈಂಡಿಂಗ್."

ಸೆಕ್ರೆಟರಿ ನಕ್ಕ. ಕೆಟ್ಟ ನಗುವಲ್ಲ, ದುಃಖದಲ್ಲಿರುವವರು ಏನೋ ಮಾತಾಡಿದರೆ ನಗುತ್ತೇವಲ್ಲ, ಅಂಥದ್ದು. ಆಮೇಲೆ ನಿಯಮ ಓದಿದ. ಈ ಮಳಿಗೆ ಮಾಜಿ ಸೈನಿಕನಿಗೆ ಕಸುಬಿನ ಮೇಲೆ ಕೊಟ್ಟದ್ದು. ಕಸುಬುದಾರ ತೀರಿಕೊಂಡಾಗ ಮನೆಯಲ್ಲಿ ಅದೇ ಕಸುಬು ಬಲ್ಲವರಿದ್ದರೆ ಅವರಿಗೆ ಮುಂದುವರಿಯುತ್ತದೆ. ಇಲ್ಲದಿದ್ದರೆ ಸರದಿಯಲ್ಲಿರುವವರಿಗೆ. ಸರದಿಯಲ್ಲಿ ಇರುವವನು ಹೊಸ ಬಜಾರಿನ ವೈಂಡರ್. ಅವನು ಸೆಕ್ರೆಟರಿಯ ಸ್ವಂತ ಅಕ್ಕನ ಮಗ ಅನ್ನೋದು ಫೈಲಿನಲ್ಲಿ ಇರಲಿಲ್ಲ, ಬಜಾರಿನ ಬಾಯಲ್ಲಿತ್ತು.

"ಕಸುಬು ಬಲ್ಲವಳು ನಾನಿದ್ದೀನಲ್ಲ," ಅಂದಳು ಮಿಲ್ಟ್ರಿಯಮ್ಮ.

"ಅಮ್ಮಾ, ನೀವು ಅವರಿಗೆ ಊಟ ತರ್ತಿದ್ರಿ."

"ತರ್ತಿದ್ದೆ. ತಂದು ಸಂಜೆವರೆಗೂ ಆ ಹಲಗೆ ಹಿಂದೆ ಕೂತು ಏನು ಮಾಡ್ತಿದ್ದೆ ಅಂತ ಕೇಳಿದ್ರಾ ಯಾವತ್ತಾದ್ರೂ?"

ಕೇಳಿರಲಿಲ್ಲ. ಯಾರೂ ಕೇಳಿರಲಿಲ್ಲ. ಸೆಕ್ರೆಟರಿ ತಲೆ ಕೆರೆದುಕೊಂಡ. ಅವನಿಗೂ ಒಂದು ಕಷ್ಟವಿತ್ತು. ಬಜಾರಿನ ನೀರೆತ್ತುವ ಐದು ಎಚ್‌ಪಿ ಮೋಟರು ಹಿಂದಿನ ದಿನ ಸುಟ್ಟು, ಮೀನು ಮಾರುವವರು, ತರಕಾರಿಯವರು, ಸಾರ್ವಜನಿಕ ಕಕ್ಕಸು ನೋಡಿಕೊಳ್ಳುವವನು ಎಲ್ಲ ಅವನ ಆಫೀಸಿಗೆ ಮುತ್ತಿಗೆ ಹಾಕಿದ್ದರು. "ಸರಿ, ಅದನ್ನ ತರಿಸ್ತೀನಿ," ಅಂದ. "ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ ಕೂಡಿಸಿ ಕೊಡಿ. ಒಂದು ಗಂಟೆ ಓಡಿ ಬಿಸಿಯಾಗದಿದ್ರೆ ಮಳಿಗೆ ನಿಮ್ಮದು. ಹೊಗೆ ಬಂತೋ, ಶುಕ್ರವಾರ ಬೀಗ ನನ್ನ ಕೈಗೆ."

"ತರಿಸ್ರಿ."

ಹೇಳಿಬಿಟ್ಟಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಭಯಕ್ಕಿಂತ ಹುರುಪೇ ಹೆಚ್ಚಿತ್ತು. ಮೂವತ್ತೇಳು ವರ್ಷದಲ್ಲಿ ಒಂದು ಮೋಟರು ನೇರವಾಗಿ ಅವಳ ಹೆಸರು ಹೇಳಿಕೊಂಡು ಬಂದದ್ದು ಇದೇ ಮೊದಲು.

ಮಿಲ್ಟ್ರಿ ಹತ್ತೊಂಬತ್ತಕ್ಕೆ ಮನೆ ಬಿಟ್ಟು ಸೈನ್ಯ ಸೇರಿದವನು. ಗಡಿಯ ಬೆಟ್ಟದ ತುದಿಯ ಠಾಣೆಯಲ್ಲಿ ಜನರೇಟರ್ ನೋಡಿಕೊಳ್ಳುವ ಕೆಲಸ. ಯುದ್ಧದ ಕತೆ ಹೇಳಿ ಎಂದು ಯಾರಾದರೂ ದುಂಬಾಲು ಬಿದ್ದರೆ, "ನಾನು ಹೊಡೆದ ಗುಂಡೆಲ್ಲ ಗುರಿಯ ಹಲಗೆಗೇ ಬಿದ್ದವು. ಶತ್ರು ನನ್ನ ಜನರೇಟರಿನ ಸದ್ದಿಗೇ ಓಡಿಹೋದ," ಅನ್ನುತ್ತಿದ್ದ. ನಿಜವಾಗಿ ಅಲ್ಲಿ ಅವನನ್ನು ಹೊಡೆದದ್ದು ಚಳಿ. ಒಂದು ಸಲ ಎಣ್ಣೆಯ ಪೈಪು ಹೆಪ್ಪುಗಟ್ಟಿದಾಗ ಕೈಗವಸು ತೆಗೆದು ಬರಿಗೈಯಲ್ಲಿ ಬಿಚ್ಚಿದ. ಜನರೇಟರು ಬದುಕಿತು, ಹತ್ತು ಬೆರಳಿನ ತುದಿ ಸತ್ತವು. ಬೆರಳು ಬೀಳಲಿಲ್ಲ, ಸ್ಪರ್ಶ ಹೋಯಿತು. ಸೈನ್ಯ ಒಂದು ಕಾಗದ ಕೊಟ್ಟು ಮನೆಗೆ ಕಳಿಸಿತು.

ಮಳಿಗೆ ಕೂಡ ಯಾರೂ ತಟ್ಟೆಯಲ್ಲಿಟ್ಟು ಕೊಡಲಿಲ್ಲ. ಮಾಜಿ ಸೈನಿಕರಿಗೆಂದು ಬರೆದಿಟ್ಟ ಮಳಿಗೆಗಳನ್ನು ಆಫೀಸಿನವರು ತಮ್ಮವರಿಗೆ ಹಂಚುತ್ತಿದ್ದಾಗ ಇವನೂ ಇನ್ನು ಏಳು ಜನರೂ ಆಫೀಸಿನ ಮೆಟ್ಟಿಲ ಮೇಲೆ ಹನ್ನೊಂದು ದಿನ ಕೂತರು. ಮಿಲ್ಟ್ರಿಯಮ್ಮ ಹಾಲು ಕುಡಿಯುವ ಮಗಳನ್ನು ಮಡಿಲಲ್ಲಿಟ್ಟುಕೊಂಡು ಪಕ್ಕದಲ್ಲೇ ಕೂತಿದ್ದಳು. ಮಗಳ ಒದ್ದೆ ಬಟ್ಟೆಗಳನ್ನು ಆಫೀಸರನ ಕಿಟಕಿಯ ಸರಳಿಗೇ ಒಣಹಾಕುತ್ತಿದ್ದಳು. ಹನ್ನೆರಡನೇ ದಿನ ಆಫೀಸರ್ ಮೂಗು ಮುಚ್ಚಿಕೊಂಡು ಸಹಿ ಹಾಕಿದ. ನ್ಯಾಯಕ್ಕೆ ಮಣಿದನೋ ವಾಸನೆಗೋ, ಗೊತ್ತಿಲ್ಲ.

ಮೊದಲ ನಾಲ್ಕು ವರ್ಷ ಮಿಲ್ಟ್ರಿ ಹಲ್ಲುಕಚ್ಚಿ ಸುತ್ತಿದ. ದಪ್ಪ ತಂತಿಗೆ ಕೈ ಹೇಗೋ ಒಗ್ಗುತ್ತಿತ್ತು. ಒಂದು ದಿನ ಕೂದಲೆಳೆಯಂಥ ಫ್ಯಾನಿನ ತಂತಿ ಮೂರು ಸಲ ತುಂಡಾದಾಗ ಫ್ಯಾನನ್ನೇ ಗೋಡೆಗೆ ಎಸೆದ. ಅವಳು ಅದನ್ನು ಎತ್ತಿಕೊಂಡು ಹೋಗಿ ಅಡುಗೆಮನೆಯ ನೆಲದಲ್ಲಿ ಕೂತು, ಒಂದೊಂದೇ ಎಳೆಯನ್ನು ಸಂದಿಗೆ ಇಳಿಸಿ ತಂದುಕೊಟ್ಟಳು. ಅವನು ತಿರುಗಿಸಿ ತಿರುಗಿಸಿ ನೋಡಿದ.

"ಯಾರಿಗೂ ಹೇಳ್ಬೇಡ ಕಣೇ."

"ಹೇಳಿದ್ರೆ ಏನಾಗುತ್ತೆ?"

"ಸಿಪಾಯಿ ಕೈ ಸತ್ತಿದೆ ಅಂತಾರೆ. ಒಂದು ತಿಂಗಳು ಇರಲಿ, ಆಮೇಲೆ ನಾನೇ ಹೇಳ್ತೀನಿ."

ಆ ಒಂದು ತಿಂಗಳು ಮೂವತ್ತೇಳು ವರ್ಷ ಆಯಿತು. ಅಂಗಡಿಯ ನಡುವೆ ಪ್ಲೈವುಡ್ ಹಲಗೆ ಬಂತು. ಮುಂದೆ ಅವನು: ಮೂಸುವುದು, ಬೈಯುವುದು, ಸುಟ್ಟ ತಂತಿಯ ಸುತ್ತು ಎಣಿಸುವುದು, ಸುತ್ತುವ ಯಂತ್ರದ ಹಿಡಿ ತಿರುಗಿಸಿ ಅಷ್ಟೇ ಸುತ್ತಿನ ಹೊಸ ಉಂಗುರಗಳನ್ನು ಮಾಡುವುದು. ಹಿಂದೆ ಇವಳು: ಕಿತ್ತು ತೊಳೆದು, ಆ ಉಂಗುರಗಳನ್ನು ಮೋಟರಿನ ಸಂದಿಗಳಿಗೆ ಎಳೆ ಎಳೆಯಾಗಿ ಕೂಡಿಸಿ, ಪಟ್ಟಿ ಬಿಗಿದು ಗಂಟು ಹಾಕುವುದು. ಅವನು ಎಣಿಸುತ್ತಿದ್ದದ್ದು ಪರೇಡಿನ ಗಂಟಲಲ್ಲಿ. ಹತ್ತಕ್ಕೊಮ್ಮೆ ಬೂಟು ನೆಲಕ್ಕೆ ಬಡಿಯುತ್ತಿದ್ದ. ಎದುರಿನ ಟೀ ಅಂಗಡಿಯವನೂ ಅಲ್ಲಿಂದಲೇ ಜೊತೆಗೆ ಎಣಿಸುತ್ತಿದ್ದ. "ನನ್ನ ಎಣಿಕೆ ಒಂದು ಸುತ್ತೂ ತಪ್ಪಲ್ಲ," ಎಂಬುದು ಅವನ ದೊಡ್ಡ ಜಂಬ.

ಸತ್ಯ ಹೇಳಲು ಅವನು ಪ್ರಯತ್ನಿಸಲಿಲ್ಲ ಅಂತಲ್ಲ. ಎಪ್ಪತ್ತೊಂದನೇ ವಯಸ್ಸಿನಲ್ಲಿ ವ್ಯಾಪಾರಿಗಳ ಸಂಘ ಶಾಲು ಹೊದಿಸಿ ಕೂರಿಸಿದಾಗ ಮೈಕಿನಲ್ಲಿ, "ಸುತ್ತೋದು ನಾನಲ್ಲ ಕಣ್ರೋ, ನನ್ನ ಹೆಂಡ್ತಿ. ನಾನು ಬರೀ ಬಾಯಿ," ಅಂದ. ಸಭೆ ಬಿದ್ದುಬಿದ್ದು ನಕ್ಕು ಚಪ್ಪಾಳೆ ತಟ್ಟಿತು. ಎಂಥ ದೊಡ್ಡ ಮನಸ್ಸು, ಹೆಂಡತಿಗೆ ಎಷ್ಟು ಗೌರವ ಕೊಡ್ತಾನೆ ಎಂದು ಅಧ್ಯಕ್ಷರು ಕಣ್ಣೊರೆಸಿಕೊಂಡರು. ಮನೆಗೆ ಬಂದು ಅವನು, "ಹೇಳಿದೆನಲ್ಲೇ," ಅಂದ. "ಮೂವತ್ತೆರಡು ವರ್ಷ ತಡವಾಗಿ ಹೇಳಿದ್ರೆ ಜೋಕೇ ಆಗೋದು," ಎಂದು ಅವಳು ಅನ್ನದ ತಟ್ಟೆಯನ್ನು ಕುಕ್ಕಿದಳು. ಎರಡು ದಿನ ಮಾತು ಬಿಟ್ಟಿದ್ದಳು.

ಮೋಟರು ಸೋಮವಾರ ಮಧ್ಯಾಹ್ನ ತಳ್ಳುಗಾಡಿಯಲ್ಲಿ ಬಂತು. ಹಳೇ ಕಾಲದ ಬೀಡುಕಬ್ಬಿಣದ ಮೈ, ಒಳಗೆ ಮೂವತ್ತಾರು ಸಂದು. ಅವಳಿಗೆ ಕೈ ತಡೆಯಲಿಲ್ಲ. ಉಳಿ ಸುತ್ತಿಗೆ ಹಿಡಿದು ಸುಟ್ಟ ತಂತಿಯ ತಲೆಗಳನ್ನು ಒಂದು ಕಡೆಯಿಂದ ಟಕಟಕ ಕತ್ತರಿಸಿದಳು, ಬೆಂಕಿ ತೋರಿಸಿ ವಾರ್ನಿಶ್ ಕರಗಿಸಿದಳು, ಇನ್ನೊಂದು ಕಡೆಯಿಂದ ಗೊಂಚಲು ಗೊಂಚಲಾಗಿ ಎಳೆದು ಹಾಕಿದಳು. ಸಂಜೆಯೊಳಗೆ ಮೂವತ್ತಾರೂ ಸಂದು ಉಜ್ಜಿ ಫಳಫಳ. ಇಷ್ಟು ಚುರುಕಾಗಿ ಅವಳು ಯಾವತ್ತೂ ಮಾಡಿರಲಿಲ್ಲ.

ಮಂಗಳವಾರ ಬೆಳಗ್ಗೆ ಸಂದಿಗಳಿಗೆ ಕಾಗದ ತೊಡಿಸಿ ಮುಗಿಸಿದಳು. ತಂತಿಯ ರೀಲು ತಂದಳು, ಹಿಡಿಗೆ ಕೈ ಹಾಕಿದಳು. ಅಲ್ಲಿಗೆ ಕೈ ನಿಂತಿತು.

ಎಷ್ಟು ಸುತ್ತು?

ಮೋಟರಿನ ಮೈಮೇಲೆ ಸೀಮೆಸುಣ್ಣದ ಅಂಕಿ ಹುಡುಕಿದಳು. ಇರಲಿಲ್ಲ. ಎಲ್ಲಿರಬೇಕು? ಬರೆಯುವವನು ಸತ್ತು ಹತ್ತು ದಿನ ಕಳೆದಿತ್ತು. ಮೂವತ್ತೇಳು ವರ್ಷವೂ ಹಲಗೆಯ ಹಿಂದೆ ಬರುತ್ತಿದ್ದ ಮೋಟರಿನ ಮೈಮೇಲೆ ಅಂಕಿ ಬರೆದೇ ಇರುತ್ತಿತ್ತು. ಕತ್ತರಿಸುವುದು ಅವಳ ಕೆಲಸ, ಅದಕ್ಕೆ ಮೊದಲು ಎಣಿಸುವುದು ಅವನ ಕೆಲಸ. ಮೊದಲನೆಯದು ಆಗದೆ ಎರಡನೆಯದಕ್ಕೆ ಕೈ ಹಾಕಿದ್ದಳು. ಹೊಸದಾಗಿ ಕಲಿಯುವವರೂ ಮಾಡದ ತಪ್ಪನ್ನು ಪಳಗಿದ ಕೈ ಮಾಡಿತ್ತು. ಸುತ್ತು ಕಡಿಮೆಯಾದರೆ ಕಾದು ಸುಡುತ್ತದೆ, ಹೆಚ್ಚಾದರೆ ನೀರೆತ್ತುವ ತ್ರಾಣವಿರುವುದಿಲ್ಲ. ಅಂದಾಜಿನ ಆಟ ನಡೆಯುವುದಿಲ್ಲ.

ಪರವಾಗಿಲ್ಲ, ಕಿತ್ತ ಗೊಂಚಲುಗಳಿವೆಯಲ್ಲ, ಕತ್ತರಿಸಿದ ತುದಿ ಎಣಿಸಿದರಾಯಿತು ಎಂದು ಮೂಲೆಗೆ ತಿರುಗಿದಳು. ಮೂಲೆ ಗುಡಿಸಿ ಒರೆಸಿದ ಹಾಗಿತ್ತು.

ಅಷ್ಟು ಹೊತ್ತಿಗೆ ಮಗಳು ಸ್ಕೂಟರ್ ನಿಲ್ಲಿಸಿ ಒಳಗೆ ಬಂದಳು. ಆಸ್ಪತ್ರೆಯಲ್ಲಿ ನರ್ಸು. ಅಮ್ಮ ತನ್ನ ಮನೆಗೆ ಬಂದಿರಲಿ ಎಂದು ಹತ್ತು ದಿನದಿಂದ ಕಾಟ ಕೊಡುತ್ತಿದ್ದವಳು, ಸೋಮವಾರ ಸಂಜೆ ಡ್ಯೂಟಿ ಮುಗಿಸಿ ಬಂದು ಅಂಗಡಿ ಗುಡಿಸಿ ಹೋಗಿದ್ದಳು.

"ಇಲ್ಲಿದ್ದ ತಂತಿ ಎಲ್ಲೇ?"

"ಆ ಕರಕಲಾ? ಗುಜರಿಯವನು ಬಂದಿದ್ದ, ಹಾಕಿದೆ. ಬದಲಿಗೆ ಒಳ್ಳೇ ಪ್ಲಾಸ್ಟಿಕ್ ಬುಟ್ಟಿ ಕೊಟ್ಟ, ನೋಡು, ಮುಚ್ಚಳಾನೂ ಇದೆ."

"ಅಯ್ಯೋ ನಿನ್ನ ಬುಟ್ಟಿಗೆ ಬೆಂಕಿ ಹಾಕ! ನಿಮ್ಮಪ್ಪ ಕಟ್ಟಿದ ಅಂಗಡೀನೇ ಗುಜರಿಗೆ ಹಾಕಿ ಬಂದ್ಯಲ್ಲೇ! ನಡಿ, ಸ್ಕೂಟರ್ ತೆಗಿ!"

"ಅಮ್ಮಾ, ನಿನ್ನ ಮೊಣಕಾಲು..."

"ಮೊಣಕಾಲು ಓಡಿಸುತ್ತಾ ಸ್ಕೂಟರು? ನಡಿ ಅಂದ್ರೆ!"

ಜೀವಮಾನದಲ್ಲಿ ಅಡ್ಡ ಕೂತೇ ಗೊತ್ತಿದ್ದವಳು ಅವತ್ತು ಗಂಡಸರ ಹಾಗೆ ಎರಡೂ ಕಡೆ ಕಾಲು ಹಾಕಿ ಕೂತಳು. ಸೀರೆ ಮೊಣಕಾಲಿಗೆ ಬಂತು. ಮೀನಿನ ಸಾಲಿನಲ್ಲಿ ನುಗ್ಗಿದರು. "ಮಿಲ್ಟ್ರಿಯಮ್ಮ, ಯಾವ ಯುದ್ಧಕ್ಕೆ?" ಎಂದು ಮೀನಿನವಳು ಕೂಗಿದಳು. "ಗುಜರಿಯವನು ಇವತ್ತು ಯಾವ ಕಡೆ ಹೋದ್ನೇ?" "ಹಾಲಿನ ಡೈರಿ ಕಡೆ!" ಡೈರಿಯಲ್ಲಿ ಕೇಳಿದರೆ ಗ್ಯಾರೇಜು, ಗ್ಯಾರೇಜಿನಲ್ಲಿ ಕೇಳಿದರೆ ಆಗಲೇ ಗೋದಾಮಿಗೆ ಹೋದ. ಮಗಳು ಬ್ರೇಕಿನ ಆಸೆ ಬಿಟ್ಟು ಹಾರ್ನ್ ನಂಬಿ ಓಡಿಸಿದಳು. "ಇನ್ನೂ ಒತ್ತೇ, ನಿಮ್ಮಪ್ಪ ನಡ್ಕೊಂಡೇ ಇದಕ್ಕಿಂತ ಬೇಗ ಹೋಗ್ತಿದ್ರು!" ಎಂದು ಅವಳ ಬೆನ್ನಿಗೆ ಗುದ್ದುತ್ತಾ ಕೂತವಳ ಮುಖ ಕೆಂಪಗೆ ಉರಿಯುತ್ತಿತ್ತು.

ಗೋದಾಮಿನಲ್ಲಿ ಗುಜರಿಯವನು ತಾಮ್ರವನ್ನೆಲ್ಲ ಒಂದೇ ಗುಡ್ಡೆ ಸುರಿದು ಮೂಟೆಗೆ ತುಂಬಲು ಹೊರಟಿದ್ದ.

"ಮುಟ್ಟಬೇಡ!" ಎಂದ ಅಬ್ಬರಕ್ಕೆ ಅವನು ಗೋಣಿಚೀಲ ಕೈಬಿಟ್ಟು ಎರಡು ಹೆಜ್ಜೆ ಹಿಂದೆ ಹೋದ.

"ಅಮ್ಮಾ, ಮೂರು ಅಂಗಡಿ ಮಾಲು ಕಲೆತುಹೋಗಿದೆ. ಎಲ್ಲ ಕರ್ರಗೆ ಒಂದೇ ಥರ. ನಿಮ್ಮದು ಯಾವುದು ಅಂತ ಆ ದೇವರೇ ಹೇಳಬೇಕು."

"ದೇವರನ್ನ ಯಾಕೆ ಕರೀತೀಯ, ನಾನಿದ್ದೀನಿ," ಎಂದು ಗುಡ್ಡೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಳು. ಒಂದೊಂದೇ ಗೊಂಚಲು ಎತ್ತಿ ತಲೆಯ ಮೇಲಿನ ಸುಟ್ಟ ಪಟ್ಟಿ ಸವರಿದಳು. ಎಸೆದಳು. ಇನ್ನೊಂದು. ಎಸೆದಳು. ಐದನೆಯದರಲ್ಲಿ ಬೆರಳು ನಿಂತಿತು. ಪಟ್ಟಿ ಕರಕಲಾಗಿ ಕಲ್ಲಿನಂತಾಗಿದ್ದರೂ ಗಂಟು ಗಂಟೇ. ಎರಡು ಸುತ್ತು ಹಾಕಿ ತುದಿಯನ್ನು ಒಳಗಿನಿಂದ ಎಡಕ್ಕೆ ಎಳೆದ ಗಂಟು. ಜಡೆ ಹೆಣೆದು ಅಭ್ಯಾಸವಾದ ಕೈ ಹಾಕುವ ಗಂಟು. ಇದು ಅವಳದೇ. ಹನ್ನೊಂದು ವರ್ಷದ ಹಿಂದೆ ಇದೇ ಮೋಟರು ಇದೇ ಅಂಗಡಿಗೆ ಬಂದಿತ್ತು. ಅವನು ಎಣಿಸಿದ್ದ, ಇವಳು ಕಟ್ಟಿದ್ದಳು.

"ಸಿಕ್ತು ಕಣೇ!" ಎಂದು ಕಿರುಚಿದಳು. ಗುಜರಿಯವನ ನಾಯಿಯೂ ಎದ್ದು ಬೊಗಳಿತು.

ಎರಡು ಸಂದಿಗೊಂದರಂತೆ ಒಟ್ಟು ಹದಿನೆಂಟರಲ್ಲಿ ಹದಿನಾಲ್ಕು ಗೊಂಚಲು ಸಿಕ್ಕವು. ಅಲ್ಲೇ ತಕ್ಕಡಿಯ ಪಕ್ಕ ಕೂತು ತಾಯಿ ಮಗಳು ಕತ್ತರಿಸಿದ ತುದಿಗಳನ್ನು ಸೂಜಿಮೊನೆಯಿಂದ ಬಿಡಿಸಿ ಎಣಿಸಿದರು. ನಲವತ್ತನಾಲ್ಕು. ಎರಡನೆಯದು ನಲವತ್ತನಾಲ್ಕು. ಮೂರನೆಯದೂ ಅಷ್ಟೇ. ಒಂಬತ್ತನೆಯದು ಮಗಳ ಕೈಯಲ್ಲಿತ್ತು.

"ನಲವತ್ಮೂರು."

"ಸರಿಯಾಗಿ ಎಣಿಸು."

"ಎಣಿಸಿದೆ ಅಮ್ಮಾ. ನಲವತ್ಮೂರೇ."

ಅವಳು ಕಸಿದುಕೊಂಡು ತಾನೇ ಎಣಿಸಿದಳು. ಮುರಿದದ್ದಿಲ್ಲ, ಉದುರಿದ್ದಿಲ್ಲ. ಗೊಂಚಲಿನ ಇನ್ನೊಂದು ಕಾಲಿನ ತುದಿಗಳನ್ನೂ ಎಣಿಸಿದಳು. ನಲವತ್ಮೂರು. ಮೊದಲು ತುಟಿ ಅದುರಿತು, ಆಮೇಲೆ ಹೊಟ್ಟೆ ಕುಲುಕಿತು, ಆಮೇಲೆ ಆ ಹೆಂಗಸು ಗುಜರಿ ಗುಡ್ಡೆಯ ಮೇಲೆ ಉರುಳಾಡುವಷ್ಟು ನಕ್ಕಳು.

"ತಪ್ಪಿದ್ದಾರೆ! ಒಂದು ಸುತ್ತೂ ತಪ್ಪಲ್ಲ ಅಂತ ಊರೆಲ್ಲ ಡಂಗುರ ಹೊಡೆದ ಮನುಷ್ಯ! ಹನ್ನೊಂದು ವರ್ಷ ಒಂದು ಸುತ್ತು ಕಮ್ಮಿ ಇಟ್ಕೊಂಡೇ ಓಡಿದೆ ಮೋಟರು! ಆ ದಿನ ಯಾರನ್ನೋ ಬೈತಾ ಇದ್ದಿರಬೇಕು!"

ಉಳಿದ ಗೊಂಚಲುಗಳಲ್ಲೆಲ್ಲ ನಲವತ್ತನಾಲ್ಕು. ಗುಜರಿಯವನಿಗೆ ಬುಟ್ಟಿ ವಾಪಸು ಕೊಡಿಸುತ್ತೇನೆಂದಳು. "ಮುಚ್ಚಳ ಒಡೆದಿದೆ," ಅಂದಳು ಮಗಳು. "ಹಾಗಾದ್ರೆ ನಾನೇ ಇಟ್ಕೋತೀನಿ ಬಿಡು."

ಬುಧವಾರ ಮಗಳು ರಜೆ ಹಾಕಿ ಹಿಡಿ ತಿರುಗಿಸಲು ಕೂತಳು. ರೋಗಿಯ ನಾಡಿ ಎಣಿಸುವ ಹಾಗೆ ತುಟಿಯೊಳಗೇ ಎಣಿಸುತ್ತಿದ್ದಳು.

"ಜೋರಾಗಿ ಎಣಿಸೇ. ಇಲ್ಲಿ ಯಾರೂ ನಿದ್ದೆ ಮಾಡ್ತಿಲ್ಲ."

"ನಂಗೆ ನಾಚಿಕೆಯಾಗುತ್ತೆ."

"ಆಗ್ಲಿ. ತಪ್ಪಿದ್ರೆ ಎದುರಿನ ಟೀ ಅಂಗಡಿಯವನು ಹೇಳ್ತಾನೆ."

ಹೇಳಿದನು ಕೂಡ. "ಅಕ್ಕಾ, ಮೂವತ್ತೇಳು ಎರಡು ಸಲ ಆಯ್ತು!" ಎಂದು ಲೋಟ ತೊಳೆಯುತ್ತಲೇ ಕೂಗಿದ. ಮಗಳು ನಾಲಗೆ ಕಚ್ಚಿ ಒಂದು ಸುತ್ತು ಬಿಚ್ಚಿದಳು. ಆಮೇಲೆ ಅವಳ ಗಂಟಲೂ ಬಿಟ್ಟಿತು, ಸಾಲಿನ ಅಂಗಡಿಯವರೆಲ್ಲ ಹತ್ತಕ್ಕೊಮ್ಮೆ ತಾವೂ ದನಿಗೂಡಿಸತೊಡಗಿದರು. ತಾಯಿ ಹೊಸ ಉಂಗುರಗಳನ್ನು ಸಂದಿಗಿಳಿಸುತ್ತಿದ್ದಳು. ಯಾವ ಸಂದಿನಿಂದ ಯಾವ ಸಂದಿಗೆ ಎನ್ನುವುದನ್ನು ಅವಳ ಬೆರಳಿಗೆ ಯಾರೂ ಬರೆದುಕೊಡಬೇಕಿರಲಿಲ್ಲ. ಹಲಗೆ ಪಕ್ಕಕ್ಕೆ ಸರಿದಿತ್ತು. ತರಕಾರಿಯವರು, ಮೀನಿನವರು ಬಾಗಿಲಲ್ಲಿ ಗುಂಪುಗೂಡಿ ಕಣ್ಣರಳಿಸಿ ನೋಡಿದರು. "ಅಯ್ಯೋ, ಆವತ್ತು ಮೈಕಲ್ಲಿ ಅವನು ನಿಜ ಹೇಳಿದ್ದ ಕಣ್ರಪ್ಪ," ಅಂದ ಯಾರೋ. ಸಂಜೆಗೆ ವಾರ್ನಿಶ್ ಕುಡಿಸಿ, ದೊಡ್ಡ ಬಲ್ಬು ಒಳಗಿಟ್ಟು ಒಣಗಲು ಬಿಟ್ಟರು.

ಗುರುವಾರ ಹನ್ನೆರಡಕ್ಕೆ ಪಂಪಿನ ಶೆಡ್ಡಿನ ಮುಂದೆ ಕಾಲಿಡಲು ಜಾಗವಿಲ್ಲ. ಸೆಕ್ರೆಟರಿ ಬಂದ, ಪಕ್ಕದಲ್ಲಿ ಅಕ್ಕನ ಮಗ, ಹೊಸ ಬಜಾರಿನ ವೈಂಡರ್. ಎತ್ತರದ ಆಳು, ಮಾತು ಕಡಿಮೆ. ಮಿಲ್ಟ್ರಿಯಮ್ಮ ತಂತಿ ಜೋಡಿಸಿ ಸ್ವಿಚ್ ಒತ್ತಿದಳು.

ಮೋಟರು ಗುಯ್ಯೆಂದು ತಿರುಗಿತು. ಜನ ಹೋ ಎಂದು ಕೂಗಿದರು. ಪೈಪಿನಲ್ಲಿ ನೀರು ಬರಲಿಲ್ಲ. ಅರ್ಧ ನಿಮಿಷ. ಒಂದು ನಿಮಿಷ. ಹೋ ಅಂದವರೆಲ್ಲ ಪೈಪಿನ ಬಾಯಿಗೆ ಇಣುಕಿದರು. ಸೆಕ್ರೆಟರಿ ಫೈಲು ಬಿಚ್ಚಿದ.

"ಮುಚ್ರೀ ಅದನ್ನ," ಎಂದು ಅವಳು ಸ್ವಿಚ್ ಆರಿಸಿದಳು. "ಉಲ್ಟಾ ತಿರುಗ್ತಿದೆ, ಅಷ್ಟೇ. ನಿಮ್ಮ ಆಫೀಸಿನ ಥರ." ಮೂರು ತಂತಿಯಲ್ಲಿ ಎರಡನ್ನು ಅದಲುಬದಲು ಮಾಡಿ ಮತ್ತೆ ಒತ್ತಿದಳು. ಪೈಪು ಕೆಮ್ಮಿತು, ಕಂದು ಬಣ್ಣದ ಒಂದು ಉಗುಳು ಉಗುಳಿತು, ಆಮೇಲೆ ತೊಡೆಗಾತ್ರದ ನೀರು ಭೋರೆಂದು ತೊಟ್ಟಿಗೆ ಬಡಿಯಿತು. ಮೀನಿನವಳು ಬುಟ್ಟಿ ಸಮೇತ ಕುಣಿದಳು. ಕಕ್ಕಸು ನೋಡಿಕೊಳ್ಳುವವನು ಮೊದಲು ತನಗೆ ಎಂದು ಬಕೆಟ್ ಹಿಡಿದು ನುಗ್ಗಿದ.

"ಒಂದು ಗಂಟೆ ಓಡ್ಲಿ," ಅಂದ ಸೆಕ್ರೆಟರಿ.

ಓಡಿತು. ಆ ಒಂದು ಗಂಟೆ ಅವಳು ಕೂರಲಿಲ್ಲ, ನೀರು ಕುಡಿಯಲಿಲ್ಲ. ಗಂಟೆ ತುಂಬಿದಾಗ ಸೆಕ್ರೆಟರಿ ಅಕ್ಕನ ಮಗನ ಹೆಗಲು ತಟ್ಟಿದ. "ಮುಟ್ಟಿ ನೋಡಪ್ಪಾ. ನಿನ್ನ ಮಾತೇ ಕೊನೆ. ಬಿಸಿ ಇದ್ರೆ ಬಿಸಿ ಅನ್ನು."

ಆ ಹುರಿಯಾಳು ಮಂಡಿಯೂರಿ ಅಂಗೈಯನ್ನು ಮೋಟರಿನ ಮೈಮೇಲಿಟ್ಟ. ಒಂದು ಮಾತಿಗೆ ಮಳಿಗೆ ಅವನದಾಗುತ್ತಿತ್ತು. ಅವನು ಕೈ ತೆಗೆಯಲೇ ಇಲ್ಲ. ಕಿವಿ ಹತ್ತಿರ ತಂದು ಸದ್ದು ಕೇಳಿದ. ಬಾಗಿ ಒಳಗೆ ಇಣುಕಿ ಗಂಟುಗಳ ಸಾಲು ನೋಡಿದ.

"ಮಾವಾ, ಇದರ ಮೇಲೆ ಮಗು ಮಲಗಿಸಬಹುದು," ಅಂದ. "ನಾನಾದ್ರೆ ಇಷ್ಟು ಚೆನ್ನಾಗಿ ಸುತ್ತುತ್ತಿರಲಿಲ್ಲ."

ಗದ್ದಲದಲ್ಲಿ ಸೆಕ್ರೆಟರಿ ಏನಂದನೋ ಕೇಳಿಸಲಿಲ್ಲ. ಪೆನ್ನು ಹುಡುಕಲು ಮೂರೂ ಜೇಬು ತಡಕಿದ. ಟೀ ಅಂಗಡಿಯವನು ತನ್ನ ಕಿವಿಯ ಮೇಲಿದ್ದದ್ದನ್ನು ಕೊಟ್ಟ. ಫಾರಮ್ಮಿನಲ್ಲಿ ಕಸುಬು ಎಂದಿದ್ದ ಜಾಗದಲ್ಲಿ ಅವನು ಮೊದಲೇ ಏನೋ ಬರೆದಿಟ್ಟುಕೊಂಡಿದ್ದ.

"ಏನ್ರೀ ಅದು?"

"ಗೃಹಿಣಿ."

"ಅದನ್ನ ಹೊಡೆದುಹಾಕಿ. ಮನೇಲಿ ಅಡುಗೆ ಮಾಡಿದ್ದು ನೋಡಿ ಕೊಡ್ತಿದ್ದೀರಾ ಮಳಿಗೆ? ವೈಂಡರ್ ಅಂತ ಬರೀರಿ. ದೊಡ್ಡದಾಗಿ."

ಬರೆದ. ಹೊಸ ಬಜಾರಿನವನು ಎದ್ದು ಮಣ್ಣು ಕೊಡವಿಕೊಳ್ಳುತ್ತಾ ಅವಳ ಹತ್ತಿರ ಬಂದ. "ಅಮ್ಮಾ, ಎಷ್ಟು ಸುತ್ತು ಹಾಕಿದ್ರಿ?"

"ನಲವತ್ತನಾಲ್ಕು."

"ನಾನು ಈ ಸೈಜಿಗೆ ನಲವತ್ತು ಹಾಕ್ತಿದ್ದೆ."

"ಗೊತ್ತು. ಗುಜರಿ ಗುಡ್ಡೆಯಲ್ಲಿ ನಿನ್ನ ಮೋಟರುಗಳ ಮೂಳೆ ನೋಡಿ ಬಂದಿದ್ದೀನಿ," ಎಂದಳು. ಅವನೇ ಮೊದಲು ನಕ್ಕ. ಅವಳು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕುಪ್ಪಸಕ್ಕೆ ಸಿಕ್ಕಿಸಿಕೊಂಡು, ಅಂಗಡಿಯ ಮುಂದೆ ಆಗಲೇ ಮೂರು ಮಿಕ್ಸಿ ಕಾಯುತ್ತಿವೆ ಎಂದು ಮಗಳ ರಟ್ಟೆ ಹಿಡಿದು ಎಳೆದುಕೊಂಡು ಹೊರಟಳು.